ಯಲ್ಲಾಪ್ರಗಡ ಸುಬ್ಬರಾಯರು ಮತ್ತು ಕೊಟ್ಟಿಗೆ ದಾಟಿದ ಮದ್ದು

ಯಲ್ಲಾಪ್ರಗಡ ಸುಬ್ಬರಾವ್ ಜನಿಸಿದ್ದು 1895ರ ಜನವರಿ 12ರಂದು, ಅಂದಿನ ಮದ್ರಾಸ್ ಪ್ರಾಂತ್ಯದ ಭೀಮವರದಲ್ಲಿ. ನಮ್ಮ ಕಲ್ಯಾಣದುರ್ಗವೂ ಹಿಂದೂಪುರವೂ ಆಗ ಅದೇ ಪ್ರಾಂತ್ಯಕ್ಕೆ ಸೇರಿದ್ದವು. ಆದರೆ ಗೋದಾವರಿಯ ನೀರುಂಡು ಬೆಳೆದ ಆ ಸೀಮೆಗೂ, ವರ್ಷಕ್ಕೊಮ್ಮೆ ಮುಗಿಲ ಕಡೆಗೆ ಮುಖವೆತ್ತಿ ಕಾಯುವ ನಮ್ಮ ಸೀಮೆಗೂ ಬಹಳ ಅಂತರ. ಹಾಗಿದ್ದೂ ಅವರ ಬಾಳಿನ ಕಥೆ ನಮ್ಮ ಹೊಲಗಳವರೆಗೂ ಬೆಟ್ಟಗಳವರೆಗೂ ಬಂದು ಮುಟ್ಟುತ್ತದೆ. ತೆಲುಗರು ಅವರನ್ನು ತಮ್ಮ ರೀತಿಯಲ್ಲಿ ಕರೆಯುತ್ತಾರೆ. ಕನ್ನಡದ ರೂಢಿಗೆ ಒಪ್ಪುವಂತೆ ಇಲ್ಲಿ ಅವರನ್ನು ಸುಬ್ಬರಾಯರೆಂದೇ ಕರೆಯೋಣ.

ತಂದೆ ಜಗನ್ನಾಥಂ, ತಾಯಿ ವೆಂಕಮ್ಮ. ಮನೆ ತುಂಬ ಮಕ್ಕಳು, ಕೈಯಲ್ಲಿ ಕಾಸಿಲ್ಲ. ಬಾಲಕನಾಗಿದ್ದಾಗಲೇ ಸುಬ್ಬರಾಯರು ಮನೆ ಬಿಟ್ಟು ಕಾಶಿಗೆ ಹೊರಟರೆಂದೂ, ಯಾತ್ರಿಕರಿಗೆ ಬಾಳೆಹಣ್ಣು ಮಾರಿ ಹಣ ಗಳಿಸುವುದು ಅವರ ಎಣಿಕೆಯಾಗಿತ್ತೆಂದೂ, ತಾಯಿ ಅವರನ್ನು ಹಿಡಿದು ತಂದು ಮತ್ತೆ ಶಾಲೆಗೆ ಕೂಡಿಸಿದರೆಂದೂ ಅವರ ಚರಿತ್ರೆಕಾರರು ಹೇಳುತ್ತಾರೆ. ಓದಿನಲ್ಲಿ ಅವರು ಮೊದಲಿಗರೇನಲ್ಲ. ರಾಜಮಹೇಂದ್ರಿಯ ಶಾಲಾದಿನಗಳು ಬಂಧುಗಳ ಸಾವುನೋವುಗಳಲ್ಲಿ ಚದುರಿಹೋದವು. ಮೆಟ್ರಿಕ್ಯುಲೇಷನ್ ಪರೀಕ್ಷೆ ದಾಟಿದ್ದು ಮದ್ರಾಸಿನ ಹಿಂದೂ ಹೈಸ್ಕೂಲಿನಿಂದ, ಅದೂ ಮೂರನೆಯ ಯತ್ನದಲ್ಲಿ. ಬಳಿಕ ಪ್ರೆಸಿಡೆನ್ಸಿ ಕಾಲೇಜು. ಆ ಹೊತ್ತಿಗೆ ಮನಸ್ಸು ವೈರಾಗ್ಯದ ಕಡೆ ವಾಲಿತ್ತು. ರಾಮಕೃಷ್ಣ ಮಠವನ್ನು ಸೇರಿ ಸಂನ್ಯಾಸಿಯಾಗಬೇಕೆಂದು ಅವರು ಬಯಸಿದರು. ತಾಯಿಯ ಒಪ್ಪಿಗೆಯಿಲ್ಲದೆ ಮಠ ಸೇರಿಸಿಕೊಳ್ಳಲಿಲ್ಲ, ತಾಯಿ ಒಪ್ಪಲಿಲ್ಲ. ವೈದ್ಯನಾದರೆ ಸೇವೆಯ ದಾರಿ ಹೇಗೂ ತೆರೆದಿರುತ್ತದೆ ಎಂಬ ಮಾತಿಗೆ ಮನಗೊಟ್ಟು ಅವರು ಮದ್ರಾಸ್ ವೈದ್ಯಕೀಯ ಕಾಲೇಜನ್ನು ಸೇರಿದರು. ಸ್ನೇಹಿತರೂ ಕಸ್ತೂರಿ ಸೂರ್ಯನಾರಾಯಣಮೂರ್ತಿ ಎಂಬ ಗೃಹಸ್ಥರೂ ವೆಚ್ಚಕ್ಕೆ ಒದಗಿದರು. ಆ ಗೃಹಸ್ಥರ ಮಗಳು ಶೇಷಗಿರಿ 1919ರಲ್ಲಿ ಅವರ ಕೈಹಿಡಿದರು.

ಇಷ್ಟರ ನಡುವೆ ಮನೆಯಲ್ಲಿ ಒಂದು ದುರಂತ ನಡೆದುಹೋಯಿತು. ಪುರುಷೋತ್ತಮ, ಕೃಷ್ಣಮೂರ್ತಿ ಎಂಬ ಇಬ್ಬರು ಒಡಹುಟ್ಟಿದವರು ಎಂಟು ದಿನಗಳ ಅಂತರದಲ್ಲಿ ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಇಬ್ಬರನ್ನೂ ಕೊಂದದ್ದು ಒಂದೇ ರೋಗ, ಉಷ್ಣವಲಯದ ಸ್ಪ್ರೂ. ನಮ್ಮ ನಾಟಿ ವೈದ್ಯರು ಗ್ರಹಣಿ, ಸಂಗ್ರಹಣಿ ಎಂದು ಕರೆಯುವ ಬೇನೆಗಳ ಬಳಗಕ್ಕೆ ಇದು ಸೇರುತ್ತದೆ. ಕರುಳು ಉಂಡ ಅನ್ನದ ಸಾರವನ್ನು ಹೀರಿಕೊಳ್ಳುವುದಿಲ್ಲ. ರೋಗಿ ಉಣ್ಣುತ್ತಲೇ ಒಣಗುತ್ತಾನೆ, ರಕ್ತ ತೆಳುವಾಗುತ್ತದೆ, ಬಾಯಿ ಹುಣ್ಣಾಗುತ್ತದೆ. ಅಂದಿನ ವೈದ್ಯರ ಬಳಿ ಇದಕ್ಕೆ ಮದ್ದಿರಲಿಲ್ಲ. ಸುಬ್ಬರಾಯರನ್ನೂ ಅದು ಬಿಡಲಿಲ್ಲ. ಅವರನ್ನು ಉಳಿಸಿದ್ದು ಆಚಂಟ ಲಕ್ಷ್ಮೀಪತಿಗಳ ಆಯುರ್ವೇದ ಚಿಕಿತ್ಸೆ ಎಂಬುದು ಅವರ ಕೃತಜ್ಞತೆಯ ನಂಬಿಕೆ. ಈ ಎರಡು ಸಾವುಗಳನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಸುಬ್ಬರಾಯರು ಮುಂದೆ ಕೈಹಾಕಿದ ಎಷ್ಟೋ ಕೆಲಸಗಳ ಬೇರು ಇಲ್ಲಿದೆ.

ಗಾಂಧೀಜಿಯವರ ಕರೆಗೆ ಓಗೊಟ್ಟು ಅವರು ಶಸ್ತ್ರಚಿಕಿತ್ಸೆಯ ಕೊಠಡಿಗೂ ಖಾದಿಯ ನಿಲುವಂಗಿ ತೊಟ್ಟು ಹೋದರು. ಶಸ್ತ್ರವೈದ್ಯದ ಪ್ರಾಧ್ಯಾಪಕ ಬ್ರಾಡ್‌ಫೀಲ್ಡ್ ಸಾಹೇಬರಿಗೆ ಇದು ಹಿಡಿಸಲಿಲ್ಲ. ಬರವಣಿಗೆಯ ಪರೀಕ್ಷೆಗಳನ್ನು ಚೆನ್ನಾಗಿ ಮಾಡಿದ್ದರೂ ಸುಬ್ಬರಾಯರ ಕೈಸೇರಿದ್ದು ಎಂ.ಬಿ.ಬಿ.ಎಸ್. ಅಲ್ಲ, ಅದಕ್ಕಿಂತ ಕೆಳಗಿನ ಎಲ್.ಎಂ.ಎಸ್. ಪ್ರಮಾಣಪತ್ರ. ಮದ್ರಾಸ್ ವೈದ್ಯಕೀಯ ಸೇವೆಯ ಬಾಗಿಲು ತೆರೆಯಲಿಲ್ಲ. ಲಕ್ಷ್ಮೀಪತಿಗಳ ಆಯುರ್ವೇದ ಕಾಲೇಜಿನಲ್ಲಿ ಅಂಗರಚನಾಶಾಸ್ತ್ರದ ಉಪನ್ಯಾಸಕರಾಗಿ ಕೆಲಕಾಲ ಕಳೆದರು. ಕೊನೆಗೆ ಕಾಕಿನಾಡದ ಮಲ್ಲಾಡಿ ಸತ್ಯಲಿಂಗ ನಾಯಕರ್ ಧರ್ಮಸಂಸ್ಥೆಯ ಭರವಸೆಯನ್ನೂ ಮಾವನವರು ಕೂಡಿಸಿಕೊಟ್ಟ ಹಣವನ್ನೂ ನಂಬಿ, 1920ರ ದಶಕದ ಆರಂಭದಲ್ಲಿ ಅಮೆರಿಕದ ಬಾಸ್ಟನ್ನಿಗೆ ಹಡಗು ಹತ್ತಿದರು. ಹಾಗೆ ಹೋದವರು ಮತ್ತೆ ತಾಯ್ನೆಲಕ್ಕೆ ಮರಳಲಿಲ್ಲ. ಕಣ್ಣಿಂದ ಕಾಣದ ಅವರ ಗಂಡುಮಗು ಶೈಶವದಲ್ಲೇ ತೀರಿಕೊಂಡಿತು. ಪತ್ನಿ ಶೇಷಗಿರಿಯವರು ಕಾದರು, ಕಾಯುತ್ತಲೇ ಉಳಿದರು. ವಿಜ್ಞಾನಿಗಳ ಚರಿತ್ರೆ ಬರೆಯುವವರು ಈ ಕಾಯುವಿಕೆಯನ್ನು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ನಾನೂ ಅದನ್ನೇ ಮಾಡುತ್ತಿದ್ದೇನೆ, ಆದರೆ ಸಮಾಧಾನದಿಂದಲ್ಲ.

ಹಾರ್ವರ್ಡಿನ ಉಷ್ಣವಲಯ ವೈದ್ಯಶಾಲೆಯಲ್ಲಿ ಓದು. ಹೊಟ್ಟೆಪಾಡಿಗೆ ಪೀಟರ್ ಬೆಂಟ್ ಬ್ರಿಗ್‌ಹ್ಯಾಮ್ ಆಸ್ಪತ್ರೆಯಲ್ಲಿ ರಾತ್ರಿಪಾಳಿಯ ಆಳುಕೆಲಸ. ರೋಗಿಗಳ ಮಲಮೂತ್ರದ ಪಾತ್ರೆಗಳನ್ನು ತೊಳೆಯುವುದೂ ಅದರಲ್ಲಿ ಸೇರಿತ್ತು. ಮಡಿವಂತ ಬ್ರಾಹ್ಮಣ ಕುಟುಂಬದಿಂದ ಬಂದ ತರುಣ ಕೈಗೊಂಡ ಕಾಯಕವೆಂಬುದನ್ನು ನೆನೆದರೆ, ಮಠ ಅವರಿಂದ ಕೇಳಬಹುದಾಗಿದ್ದುದಕ್ಕಿಂತ ಕಠಿಣವಾದ ದೀಕ್ಷೆಯೊಂದನ್ನು ಬಾಸ್ಟನ್ ಅವರಿಗೆ ಕೊಟ್ಟಿತೆನ್ನಬೇಕು.

ಬಳಿಕ ಜೀವರಸಾಯನದ ಪ್ರಾಧ್ಯಾಪಕ ಸೈರಸ್ ಫಿಸ್ಕ್ ಅವರ ಪ್ರಯೋಗಾಲಯ. 1925ರಲ್ಲಿ ಇಬ್ಬರೂ ಸೇರಿ ರಕ್ತ ಮತ್ತು ಮೂತ್ರಗಳಲ್ಲಿನ ರಂಜಕದ ಪ್ರಮಾಣವನ್ನು ಅಳೆಯುವ ಕ್ರಮವೊಂದನ್ನು ಪ್ರಕಟಿಸಿದರು. ಫಿಸ್ಕ್-ಸುಬ್ಬರಾವ್ ವಿಧಾನವೆಂಬ ಹೆಸರಿನಲ್ಲಿ ಅದು ಲೋಕದ ಪ್ರಯೋಗಾಲಯಗಳಲ್ಲೆಲ್ಲ ಹಬ್ಬಿತು. 1927ರಲ್ಲಿ ಸ್ನಾಯುವಿನೊಳಗಿನ ಫಾಸ್ಫೋಕ್ರಿಯೇಟಿನ್, 1929ರಲ್ಲಿ ಎ.ಟಿ.ಪಿ. ಎಂಬ ವಸ್ತು ಅವರ ಕೈಗೆ ಸಿಕ್ಕವು. ಜೀವಕೋಶವು ತನ್ನ ದುಡಿಮೆಗೆ ಬೇಕಾದ ಶಕ್ತಿಯನ್ನು ನಾಣ್ಯದಂತೆ ಚಲಾವಣೆ ಮಾಡುವುದು ಈ ಎ.ಟಿ.ಪಿ.ಯ ಮೂಲಕ. ಅದನ್ನು ಅದೇ ಹೊತ್ತಿಗೆ ಜರ್ಮನಿಯ ಲೋಮನ್ ಕೂಡ ಬೇರೆಯಾಗಿ ಕಂಡುಕೊಂಡಿದ್ದರು. 1930ರಲ್ಲಿ ಡಾಕ್ಟರೇಟ್ ದೊರೆಯಿತು. ಹಾರ್ವರ್ಡಿನಲ್ಲಿ ಕಾಯಂ ಸ್ಥಾನ ಮಾತ್ರ ದೊರೆಯಲಿಲ್ಲ. ಅಲ್ಲಿ ಅವರೊಡನೆ ಕೆಲಸ ಮಾಡಿದ್ದು ಮುಂದೆ ನೊಬೆಲ್ ಪಡೆದ ಜಾರ್ಜ್ ಹಿಚಿಂಗ್ಸ್, ಫಿಸ್ಕ್ ಅವರ ಅಸೂಯೆಯಿಂದಾಗಿ ಸುಬ್ಬರಾಯರ ಕೆಲವು ಶೋಧಗಳು ಬೆಳಕು ಕಾಣದೆ ಉಳಿದವೆಂದೂ ಅವನ್ನು ಇತರರು ವರ್ಷಗಳ ನಂತರ ಹೊಸದಾಗಿ ಕಂಡುಹಿಡಿಯಬೇಕಾಯಿತೆಂದೂ ಹೇಳಿದ್ದಾರೆ. ಸುಬ್ಬರಾಯರು ಅದರ ಬಗ್ಗೆ ಜಗಳಕ್ಕೆ ನಿಂತವರಲ್ಲ. ಫಿಸ್ಕ್ ಅವರ ಸ್ಥಾನ ಭದ್ರವಾಗಲೆಂದು ತಮ್ಮ ಪಾಲನ್ನೇ ಕಡಿಮೆ ಮಾಡಿ ಹೇಳಿಕೊಂಡರೆಂಬ ಮಾತೂ ಇದೆ.

1940ರಲ್ಲಿ ಅವರು ನ್ಯೂಯಾರ್ಕ್ ರಾಜ್ಯದ ಪರ್ಲ್ ರಿವರ್ ಎಂಬಲ್ಲಿದ್ದ ಲೆಡರ್ಲಿ ಔಷಧ ಕಂಪನಿಯ ಸಂಶೋಧನಾ ವಿಭಾಗಕ್ಕೆ ಬಂದರು. ಮುಂದಿನ ಎಂಟು ವರ್ಷಗಳಲ್ಲಿ ಅವರ ಮುಂದಾಳ್ತನದಲ್ಲಿ ಅಲ್ಲಿ ನಡೆದ ಕೆಲಸ ಒಬ್ಬರ ಆಯುಷ್ಯಕ್ಕೆ ಮಿಗಿಲಾದುದು. ಮೊದಲನೆಯದು ಫೋಲಿಕ್ ಆಮ್ಲ. ಮುಂಬಯಿಯ ಗಿರಣಿಗಳಲ್ಲಿ ದುಡಿಯುವ ಬಸುರಿಯರ ರಕ್ತಹೀನತೆ ಯೀಸ್ಟ್‌ನಿಂದ ಗುಣವಾಗುವುದನ್ನು ಲೂಸಿ ವಿಲ್ಸ್ ಎಂಬ ವೈದ್ಯೆ 1931ರಲ್ಲೇ ತೋರಿಸಿದ್ದರು. ಯೀಸ್ಟಿನಲ್ಲೂ ಯಕೃತ್ತಿನಲ್ಲೂ ಅಡಗಿದ್ದ ಆ ಗುಣಕಾರಿ ವಸ್ತುವನ್ನು ಬಿಡಿಸಿ, ಅದರ ರಚನೆಯನ್ನು ತಿಳಿದು, 1945ರಲ್ಲಿ ಕೃತಕವಾಗಿ ತಯಾರಿಸಿದವರು ಸುಬ್ಬರಾಯರ ಬಳಗದವರು. ತಯಾರಾದ ಕೆಲಕಾಲದಲ್ಲೇ ಕ್ಯೂಬಾ, ಪೋರ್ಟೊ ರಿಕೊ ದ್ವೀಪಗಳ ಸ್ಪ್ರೂ ರೋಗಿಗಳಿಗೆ ಅದನ್ನು ಕೊಟ್ಟಾಗ ಅವರು ಚೇತರಿಸಿಕೊಂಡರು. ಒಡಹುಟ್ಟಿದವರನ್ನು ಕೊಂದ ಬೇನೆಗೆ ಒಂದು ಮದ್ದು ಹೀಗೆ ಕೈಗೆ ಬಂತು, ಅವರು ಬದುಕಿದ್ದಾಗಲೇ. ಆಮೇಲೆ ಹೆಟ್ರಜಾನ್, ಅಂದರೆ ಡೈಈಥೈಲ್‌ಕಾರ್ಬಮಜೀನ್. ಆನೆಕಾಲು ರೋಗದ ಹುಳುಗಳ ವಿರುದ್ಧ 1947ರಲ್ಲಿ ಹೊರಬಂದ ಈ ಮಾತ್ರೆಯನ್ನು ಕಲಬುರಗಿ, ಬೀದರ ಕಡೆಗಳಲ್ಲಿ ಆರೋಗ್ಯ ಕಾರ್ಯಕರ್ತರು ಮನೆಮನೆಗೂ ಹಂಚಿದ್ದನ್ನು ಬಲ್ಲವರಿದ್ದಾರೆ. ಮತ್ತೆ ಅಮಿನಾಪ್ಟೆರಿನ್: ಫೋಲಿಕ್ ಆಮ್ಲದ ವೇಷ ಧರಿಸಿ ಕೋಶವನ್ನು ವಂಚಿಸುವ ವಸ್ತು. ಬಾಸ್ಟನ್ನಿನ ಸಿಡ್ನಿ ಫಾರ್ಬರ್ ಅದನ್ನು ರಕ್ತಕ್ಯಾನ್ಸರಿನ ಮಕ್ಕಳಿಗೆ ಕೊಟ್ಟಾಗ 16ರಲ್ಲಿ 10 ಮಕ್ಕಳು ತಾತ್ಕಾಲಿಕವಾಗಿಯಾದರೂ ಸುಧಾರಿಸಿದರು. ಕ್ಯಾನ್ಸರಿಗೆ ಔಷಧಿಯಿಂದ ಚಿಕಿತ್ಸೆ ಸಾಧ್ಯವೆಂಬ ನಂಬಿಕೆ ಗಟ್ಟಿಯಾದದ್ದು ಆ ಮಕ್ಕಳ ಹಾಸಿಗೆಗಳ ಬಳಿ.

ನಮ್ಮ ವಿಷಯಕ್ಕೆ ಮುಖ್ಯವಾದದ್ದು ಇವುಗಳಾಚೆಗಿನ ಇನ್ನೊಂದು ಮದ್ದು, ಆರಿಯೊಮೈಸಿನ್. ಪೆನಿಸಿಲಿನ್ ಆಗ ಬಂದಾಗಿತ್ತು, ಆದರೆ ಅದು ಎಲ್ಲ ಬಗೆಯ ಬ್ಯಾಕ್ಟೀರಿಯಗಳನ್ನೂ ಕೊಲ್ಲುತ್ತಿರಲಿಲ್ಲ. 1944ರಲ್ಲಿ ಬಂದ ಸ್ಟ್ರೆಪ್ಟೊಮೈಸಿನ್ ಬೇರೆ ಕೆಲವನ್ನು ಕೊಲ್ಲುತ್ತಿತ್ತು, ಆದರೆ ಕಿವಿಗೆ ಕೇಡು ಮಾಡುತ್ತಿತ್ತು. ಎರಡೂ ಬಳಗದ ರೋಗಾಣುಗಳನ್ನು ಹೊಡೆಯುವ, ಬಾಯಿಂದ ನುಂಗಬಹುದಾದ, ಅಪಾಯ ಕಡಿಮೆಯಿರುವ ಮದ್ದೊಂದು ಬೇಕಾಗಿತ್ತು. ಅಂಥ ಮದ್ದುಗಳ ತವರು ಮಣ್ಣು. ಹಿಡಿ ಮಣ್ಣಿನಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳು ಜಾಗಕ್ಕಾಗಿ, ಆಹಾರಕ್ಕಾಗಿ ಒಂದನ್ನೊಂದು ವಿಷವಿಟ್ಟು ದೂಡುತ್ತಿರುತ್ತವೆ. ಆ ವಿಷಗಳನ್ನೇ ನಾವು ಪ್ರತಿಜೈವಿಕಗಳೆನ್ನುತ್ತೇವೆ. ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದಿಂದ ನಿವೃತ್ತರಾಗಿ 70 ದಾಟಿದ್ದ ಸಸ್ಯವಿಜ್ಞಾನಿ ಬೆಂಜಮಿನ್ ಡುಗ್ಗರ್ ಅವರನ್ನು ಲೆಡರ್ಲಿ ಈ ಹುಡುಕಾಟಕ್ಕೆ ಕರೆತಂದಿತು. ಡುಗ್ಗರ್ ದೇಶದ ನಾನಾ ಮೂಲೆಗಳಿಂದ ಮಣ್ಣಿನ ಪೊಟ್ಟಣಗಳನ್ನು ತರಿಸಿದರು. 1945ರಲ್ಲಿ ಮಿಸ್ಸೂರಿ ವಿಶ್ವವಿದ್ಯಾನಿಲಯದ ಮಣ್ಣುತಜ್ಞ ವಿಲಿಯಂ ಆಲ್ಬ್ರೆಕ್ಟ್ ತಮ್ಮ ಸ್ಯಾನ್‌ಬಾರ್ನ್ ಪ್ರಯೋಗಕ್ಷೇತ್ರದಿಂದ ಕಳಿಸಿದ ಪೊಟ್ಟಣಗಳಲ್ಲಿ, 1888ರಿಂದ ಹುಲ್ಲು ಮಾತ್ರ ಬೆಳೆಯುತ್ತಿದ್ದ 23ನೆಯ ಮಡಿಯ ಮಣ್ಣಿತ್ತು. ಅದರಿಂದ ಹೊನ್ನಿನ ಹಳದಿ ಬಣ್ಣದ ಜೀವಿಯೊಂದು ಚಿಗುರಿತು. ಲ್ಯಾಟಿನ್ನಿನಲ್ಲಿ ಹೊನ್ನಿಗಿರುವ ಹೆಸರೇ ಅದಕ್ಕೂ ಅದರ ಮದ್ದಿಗೂ ಬಂತು. ಆ ಮದ್ದು ಟೆಟ್ರಸೈಕ್ಲಿನ್ ಎಂಬ ದೊಡ್ಡ ಕುಟುಂಬದ ಚೊಚ್ಚಲ ಮಗು. 1948ರ ಜುಲೈಯಲ್ಲಿ ನ್ಯೂಯಾರ್ಕಿನ ವಿದ್ವತ್ಸಭೆಯಲ್ಲಿ ಅದನ್ನು ಲೋಕಕ್ಕೆ ಪರಿಚಯಿಸಲಾಯಿತು. ಕೀರ್ತಿ ಡುಗ್ಗರ್ ಅವರದಾಯಿತು, ಅದು ನ್ಯಾಯವೂ ಹೌದು. ಹುಡುಕಾಟವನ್ನು ನಡೆಸಿದ ನಿರ್ದೇಶಕರು ಸಭೆಯಲ್ಲಿ ಮುಂದೆ ಬರುವ ಸ್ವಭಾವದವರಾಗಿರಲಿಲ್ಲ.

ಮರುತಿಂಗಳು, ಆಗಸ್ಟ್‌ನಲ್ಲಿ, ಸುಬ್ಬರಾಯರು ನಿದ್ರೆಯಲ್ಲೇ ಹೃದಯ ನಿಂತು ತೀರಿಕೊಂಡರು. ವಯಸ್ಸು 53. ಸ್ವತಂತ್ರ ಭಾರತಕ್ಕೆ ಆಗ ಒಂದು ವರ್ಷ ತುಂಬುವುದರಲ್ಲಿತ್ತು. ಅಮೆರಿಕದ ಪೌರತ್ವ ಪಡೆಯಲು ಕಾನೂನು 1946ರಲ್ಲಿ ಅವಕಾಶ ಕೊಟ್ಟಿದ್ದರೂ ಅವರು ಕೊನೆಯವರೆಗೆ ಅಲ್ಲಿ ಪರದೇಶಿಯಾಗಿಯೇ ಉಳಿದರು.

ಸಾಮಾನ್ಯವಾಗಿ ಅವರ ಜೀವನಚರಿತ್ರೆಗಳು ಇಲ್ಲಿಗೆ ನಿಲ್ಲುತ್ತವೆ. ಆದರೆ ಮದ್ದು ಕಂಡವನ ಬಾಳು ಮುಗಿದರೂ ಮದ್ದಿನ ಬಾಳು ಮುಗಿಯುವುದಿಲ್ಲ. ಆ ಎರಡನೆಯ ಬಾಳನ್ನೂ ಹೇಳದೆ ಮೊದಲನೆಯದನ್ನು ಹೇಳಿದರೆ ಅರ್ಧ ಕಥೆಯಾದೀತು.

ಲೆಡರ್ಲಿಯ ಹುದುಗುವ ತೊಟ್ಟಿಗಳಿಂದ ಆರಿಯೊಮೈಸಿನನ್ನು ಬೇರ್ಪಡಿಸಿದ ಮೇಲೆ ಚರಟ ಉಳಿಯುತ್ತಿತ್ತು, ಎಣ್ಣೆ ಹಿಂಡಿದ ಮೇಲೆ ಗಾಣದಲ್ಲಿ ಹಿಂಡಿ ಉಳಿಯುವಂತೆ. ಅದೇ ಕಂಪನಿಯಲ್ಲಿದ್ದ ಥಾಮಸ್ ಜ್ಯೂಕ್ಸ್ ಮತ್ತು ರಾಬರ್ಟ್ ಸ್ಟೋಕ್‌ಸ್ಟಾಡ್ ಎಂಬ ಪೋಷಣಾತಜ್ಞರು, ಅದರಲ್ಲಿ ಬಿ-12 ಜೀವಸತ್ವ ಇದೆಯೆಂದು ಎಣಿಸಿ ಅದನ್ನು ಕೋಳಿಮರಿಗಳಿಗೆ ತಿನ್ನಿಸಿದರು. ಸ್ಟೋಕ್‌ಸ್ಟಾಡ್ ಫೋಲಿಕ್ ಆಮ್ಲದ ಕೆಲಸದಲ್ಲಿ ಸುಬ್ಬರಾಯರ ಬಳಗದಲ್ಲಿದ್ದವರೇ. ಸುಬ್ಬರಾಯರು ತೀರಿಕೊಂಡ ವರ್ಷದ ಕೊನೆಯಲ್ಲಿ ಮರಿಗಳನ್ನು ತೂಗಿದಾಗ, ಜೀವಸತ್ವದಿಂದ ನಿರೀಕ್ಷಿಸಿದ್ದಕ್ಕಿಂತ ಅವು ಹೆಚ್ಚು ಬೆಳೆದಿದ್ದವು. ಕಾರಣ ಚರಟದಲ್ಲಿ ಉಳಿದುಹೋಗಿದ್ದ ಚೂರು ಆರಿಯೊಮೈಸಿನ್. 1950ರಲ್ಲಿ ಸುದ್ದಿ ಹೊರಬಿತ್ತು. 1951ರಲ್ಲಿ ಅಮೆರಿಕ ಸರ್ಕಾರ, ಪಶುವೈದ್ಯರ ಚೀಟಿಯಿಲ್ಲದೆಯೇ ಪ್ರತಿಜೈವಿಕಗಳನ್ನು ಮೇವಿಗೆ ಬೆರೆಸಲು ಒಪ್ಪಿತು. ರೋಗವಿದ್ದ ಪ್ರಾಣಿಗೆ ಪೂರ್ಣ ಪ್ರಮಾಣದಲ್ಲಿ ಕೊಡಬೇಕಾದ ಮದ್ದು, ರೋಗವಿಲ್ಲದ ಕೋಟ್ಯಂತರ ಕೋಳಿ, ಹಂದಿಗಳಿಗೆ ಚಿಟಿಕೆಯಷ್ಟು ಪ್ರಮಾಣದಲ್ಲಿ ದಿನವೂ ಸಿಗತೊಡಗಿತು. ಅಕ್ಕಿಗೆ ಉಪ್ಪು ಹಾಕಿದಷ್ಟು ಸಲೀಸಾಗಿ ಈ ಅಭ್ಯಾಸ ಲೋಕದಲ್ಲಿ ಹಬ್ಬಿತು.

ಇದರಲ್ಲಿ ಕೇಡೇನೆಂದು ಕಲಾ ವಿಭಾಗದ ವಿದ್ಯಾರ್ಥಿಗಳು ಕೇಳಬಹುದು. ಟೆಟ್ರಸೈಕ್ಲಿನ್ ಬ್ಯಾಕ್ಟೀರಿಯದ ಒಳಹೊಕ್ಕು ಅದರ ಪ್ರೋಟೀನು ತಯಾರಿಕೆಯನ್ನು ತಡೆಯುತ್ತದೆ. ದೊಡ್ಡ ಪ್ರಮಾಣದಲ್ಲಿ ಬಂದರೆ ಬ್ಯಾಕ್ಟೀರಿಯದ ಬೆಳವಣಿಗೆ ಪೂರ್ತಿ ನಿಲ್ಲುತ್ತದೆ. ತುಸುತುಸುವಾಗಿ ನಿತ್ಯವೂ ಬಂದರೆ, ದುರ್ಬಲವಾದವು ಹಿಂದುಳಿದು, ಹೇಗೋ ತಾಳಿಕೊಂಡವು ಹೆಚ್ಚುತ್ತವೆ. ಕೆಲವು ಬ್ಯಾಕ್ಟೀರಿಯಗಳು, ತೂತುಬಿದ್ದ ಹರಿಗೋಲಿನಲ್ಲಿ ಕುಳಿತ ಅಂಬಿಗ ನೀರನ್ನು ಮೊಗೆಮೊಗೆದು ಹೊರಚೆಲ್ಲುವಂತೆ, ಒಳಬಂದ ಮದ್ದನ್ನು ಹೊರಗೆ ತಳ್ಳುತ್ತವೆ. ಈ ವಿದ್ಯೆಯ ಗುಟ್ಟು ಪ್ಲಾಸ್ಮಿಡ್ ಎಂಬ ಪುಟ್ಟ ವಂಶವಾಹಿ ಬಳೆಗಳಲ್ಲಿರುತ್ತದೆ. ಒಂದು ಬ್ಯಾಕ್ಟೀರಿಯ ಆ ಬಳೆಯ ಪ್ರತಿಯನ್ನು ನೆರೆಯದಕ್ಕೆ ದಾಟಿಸಬಲ್ಲದು, ನೆರೆಯದು ಬೇರೆ ಜಾತಿಯದಾಗಿದ್ದರೂ. ಒಂದೇ ಬಳೆಯಲ್ಲಿ ನಾಲ್ಕೈದು ಮದ್ದುಗಳನ್ನು ಗೆಲ್ಲುವ ವಿದ್ಯೆ ಒಟ್ಟಿಗೆ ಇರಬಹುದು. 1976ರಲ್ಲಿ ಸ್ಟುವರ್ಟ್ ಲೆವಿ ಎಂಬ ಅಮೆರಿಕದ ವೈದ್ಯರು ಕೋಳಿಸಾಕಣೆಯೊಂದರಲ್ಲಿ ಟೆಟ್ರಸೈಕ್ಲಿನ್ ಬೆರೆಸಿದ ಮೇವು ಹಾಕಿಸಿ ನೋಡಿದರು. ಒಂದೆರಡು ವಾರದಲ್ಲೇ ಕೋಳಿಗಳ ಕರುಳಿನ ಬ್ಯಾಕ್ಟೀರಿಯಗಳು ಮದ್ದಿಗೆ ಜಗ್ಗದಂತಾದವು. ಕೆಲವು ತಿಂಗಳುಗಳಲ್ಲಿ, ಮದ್ದನ್ನು ಮುಟ್ಟದ ಆ ಮನೆಯವರ ಕರುಳಲ್ಲೂ ಅಂಥವೇ ಕಾಣಿಸಿಕೊಂಡವು.

ಕೊಟ್ಟಿಗೆಯಿಂದ ಮನೆಗೆ ದಾಟಿದ್ದು ಕಾಡಿಗೂ ದಾಟದೆ ಇದ್ದೀತೆ? ಪ್ರಾಣಿ ನುಂಗಿದ ಟೆಟ್ರಸೈಕ್ಲಿನ್ನಿನ ಹೆಚ್ಚಿನ ಪಾಲು ಮಾರ್ಪಾಡಾಗದೆ ಸಗಣಿ, ಹಿಕ್ಕೆಗಳಲ್ಲಿ ಹೊರಬರುತ್ತದೆ. ಅದರೊಂದಿಗೆ ಮದ್ದಿಗೆ ಮಣಿಯದ ಬ್ಯಾಕ್ಟೀರಿಯಗಳೂ. ಅದು ಗೊಬ್ಬರವಾಗಿ ಹೊಲಕ್ಕೆ, ಹೊಲದಿಂದ ಮಳೆನೀರಲ್ಲಿ ಕೆರೆಗೆ. ಕೆರೆಗೆ ಯಾರೆಲ್ಲ ಬಾಯಿ ಹಾಕುತ್ತಾರೋ ಲೆಕ್ಕವುಂಟೆ. 1985ರಲ್ಲಿ ಕೀನ್ಯಾದ ಬಬೂನ್ ಕೋತಿಗಳನ್ನು ಪರೀಕ್ಷಿಸಿದವರು ಸ್ಪಷ್ಟವಾದ ಭೇದವೊಂದನ್ನು ಕಂಡರು: ಕಾಡಿನಲ್ಲೇ ಮೇಯುವ ಗುಂಪುಗಳಲ್ಲಿ ಮದ್ದಿಗೆ ಮಣಿಯದ ಬ್ಯಾಕ್ಟೀರಿಯ ಅಪರೂಪ, ಮನುಷ್ಯರ ಕಸದ ಗುಂಡಿಗಳಲ್ಲಿ ಹೊಟ್ಟೆ ಹೊರೆಯುವ ಗುಂಪಿನಲ್ಲಿ ಬಹಳ ಹೆಚ್ಚು. 1999ರಲ್ಲಿ ವಾಯವ್ಯ ಇಂಗ್ಲೆಂಡಿನ ಕಾಡಿಲಿಗಳಲ್ಲಿ ಇಂಥ ಬ್ಯಾಕ್ಟೀರಿಯ ಧಾರಾಳವಾಗಿ ಸಿಕ್ಕವು. ಎರಡು ವರ್ಷದ ನಂತರ ಫಿನ್ಲೆಂಡಿನ ದಟ್ಟಕಾಡಿನ ಕಡವೆ, ಜಿಂಕೆ, ಇಲಿಗಳನ್ನು ನೋಡಿದವರಿಗೆ ಬಹುತೇಕ ಏನೂ ಸಿಗಲಿಲ್ಲ. ಫಿನ್ಲೆಂಡಿನ ಪ್ರಾಣಿಗಳು ಮನುಷ್ಯರಿಂದ ದೂರ, ಇಂಗ್ಲೆಂಡಿನವು ಹತ್ತಿರ. ಇವಕ್ಕೆ ಯಾವ ವೈದ್ಯನೂ ಮದ್ದು ಕೊಟ್ಟಿರಲಿಲ್ಲ. ಕೆರೆಯ ತೂಬಿನಲ್ಲಿ ನೀರಿನ ಮಟ್ಟ ತೋರಿಸಲು ನಿಲ್ಲಿಸುವ ಅಳತೆಗಲ್ಲಿನಂತೆ, ಮನುಷ್ಯರ ಮದ್ದು ಎಲ್ಲಿಯವರೆಗೆ ಏರಿದೆಯೆಂಬುದನ್ನು ಈ ಪ್ರಾಣಿಗಳು ತೋರಿಸುತ್ತವೆ. ಆದರೆ ಕಲ್ಲು ನಿಂತಲ್ಲೇ ನಿಲ್ಲುತ್ತದೆ. ಕೋತಿ, ಕಾಗೆ, ಕೊಕ್ಕರೆಗಳು ತಾವು ಹೊತ್ತದ್ದನ್ನು ಬೇರೆಡೆಗೆ ಒಯ್ಯುತ್ತವೆ. ಧ್ರುವಪ್ರದೇಶದ ಹಕ್ಕಿಗಳಲ್ಲೂ ಇಂಥ ಬ್ಯಾಕ್ಟೀರಿಯ ಸಿಕ್ಕಿರುವುದಕ್ಕೆ ವಲಸೆಯೇ ಕಾರಣವೆಂದು ವಿಜ್ಞಾನಿಗಳು ಭಾವಿಸುತ್ತಾರೆ.

ಇದನ್ನೆಲ್ಲ ಸುಬ್ಬರಾಯರ ಲೆಕ್ಕಕ್ಕೆ ಬರೆಯುವುದು ಅನ್ಯಾಯ. 2011ರಲ್ಲಿ ಕೆನಡಾದ ವಿಜ್ಞಾನಿಗಳು 30,000 ವರ್ಷ ಹಿಮಗಟ್ಟಿದ ಮಣ್ಣಿನಲ್ಲಿ ಟೆಟ್ರಸೈಕ್ಲಿನ್ನನ್ನು ಗೆಲ್ಲುವ ವಂಶವಾಹಿಗಳನ್ನು ಕಂಡರು. ಮದ್ದು ಹುಟ್ಟಿದ್ದು ಮಣ್ಣಿನಲ್ಲಿ, ಅದಕ್ಕೆ ಪ್ರತಿಮದ್ದೂ ಅದೇ ಮಣ್ಣಿನಲ್ಲಿ ಅದಕ್ಕಿಂತ ತಡವಾಗದೆ ಹುಟ್ಟಿರಬೇಕು. ಮಿಸ್ಸೂರಿಯ ಹುಲ್ಲುಮಡಿಯಲ್ಲಿ ಅವೆರಡೂ ಒಂದನ್ನೊಂದು ತೂಗಿಕೊಂಡು ಬಾಳುತ್ತಿದ್ದವು. ತಕ್ಕಡಿ ವಾಲಿದ್ದು ನಾವು ಒಂದು ತಟ್ಟೆಗೆ ಟನ್ನುಗಟ್ಟಲೆ ಸುರಿದಾಗ. ಸುರಿದವರು ಮೇವಿನ ವ್ಯಾಪಾರಿಗಳು, ಸುರಿಯಲು ಬಿಟ್ಟವರು ಸರ್ಕಾರಗಳು. ಬ್ರಿಟನ್ನಿನ ಸ್ವಾನ್ ಸಮಿತಿ 1969ರಲ್ಲೇ ಎಚ್ಚರಿಸಿತ್ತು. ಯೂರೋಪಿನ ಒಕ್ಕೂಟ ಬೆಳವಣಿಗೆಗಾಗಿ ಪ್ರತಿಜೈವಿಕ ಬೆರೆಸುವುದನ್ನು ಪೂರ್ತಿ ನಿಷೇಧಿಸಿದ್ದು 2006ರಲ್ಲಿ. ಭಾರತದಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 2014ರಲ್ಲಿ ರಾಜಧಾನಿ ಪ್ರದೇಶದ 70 ಕೋಳಿಮಾಂಸದ ಮಾದರಿಗಳನ್ನು ಪರೀಕ್ಷಿಸಿದಾಗ ಶೇಕಡಾ 40ರಲ್ಲಿ ಪ್ರತಿಜೈವಿಕದ ಶೇಷ ಸಿಕ್ಕಿತು. ಕೊನೆಯ ಅಸ್ತ್ರವೆಂದು ವೈದ್ಯರು ಕಾದಿಟ್ಟುಕೊಂಡ ಕೊಲಿಸ್ಟಿನ್ನನ್ನು ಸಾಕುಪ್ರಾಣಿಗಳಿಗೆ ಕೊಡಬಾರದೆಂದು ಕೇಂದ್ರ ಸರ್ಕಾರ ಆಜ್ಞೆ ಹೊರಡಿಸಿದ್ದು 2019ರಲ್ಲಿ.

ನಮ್ಮ ಸೀಮೆಯನ್ನು ಈ ಕಣ್ಣಿನಿಂದ ಒಮ್ಮೆ ನೋಡಬೇಕು. ಕಲ್ಯಾಣದುರ್ಗ, ರಾಯದುರ್ಗಗಳ ಬಂಡೆಬೆಟ್ಟಗಳ ಕರಡಿಗಳು ಈಗ ಬೆಟ್ಟದಲ್ಲೇ ಇರುವುದಿಲ್ಲ. ರಾತ್ರಿಯಾದರೆ ಕೆಳಗಿಳಿದು ಶೇಂಗಾ ಹೊಲಕ್ಕೆ, ಹಣ್ಣಿನ ತೋಟಕ್ಕೆ, ಕೆಲವೊಮ್ಮೆ ಊರೊಳಗಿನ ಗುಡಿಗೂ ಬರುತ್ತವೆ. ಹೊಲಕ್ಕೆ ಹರಡುವ ಗೊಬ್ಬರದಲ್ಲಿ ಕೋಳಿಫಾರಂಗಳಿಂದ ಬಂದದ್ದೂ ಇದೆ. ಕುರುಬರ ಮಂದೆ ನೀರು ಕುಡಿಯುವ ಕುಂಟೆಯಲ್ಲೇ ನರಿ, ತೋಳಗಳೂ ನೀರು ಕುಡಿಯುತ್ತವೆ. ಕುರಿ ಕೆಮ್ಮಿದರೆ ಟೆರ್ರಾಮೈಸಿನ್ ಸೂಜಿ ಹಾಕಿಸುವುದು ಕುರಿಗಾಹಿಗಳಿಗೆ ಹೊಸದಲ್ಲ. ಅದು ಆರಿಯೊಮೈಸಿನ್ನಿನ ಬೆನ್ನಿಗೇ ಹುಟ್ಟಿದ ತಂಗಿ. ಹಿಂದೂಪುರದ ಬಳಿಯ ಚಿಲಮತ್ತೂರು ಮಂಡಲದ ವೀರಾಪುರಕ್ಕೆ ಬಣ್ಣದ ಕೊಕ್ಕರೆಗಳು ವರ್ಷವರ್ಷವೂ ಬಂದು, ಊರ ನಡುವಿನ ಮರಗಳಲ್ಲೇ ಗೂಡು ಕಟ್ಟಿ ಮರಿ ಮಾಡುತ್ತವೆ. ಅವು ಬಂದರೆ ಊರಿಗೆ ಒಳಿತೆಂದು ನಂಬಿದ ಜನ ಅವನ್ನು ಮನೆಮಕ್ಕಳಂತೆ ಕಾಯುತ್ತಾರೆ. ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನ ನಂಟು ಇಂಥದೇ. ಕೊಕ್ಕರೆ ಮೀನು ಹಿಡಿಯುವುದು ನಮ್ಮ ಕೆರೆಗಳಲ್ಲಿ. ನಮ್ಮ ಕೊಟ್ಟಿಗೆಯ, ಆಸ್ಪತ್ರೆಯ, ಚರಂಡಿಯ ನೀರು ಇಳಿಯುವುದೂ ಅಲ್ಲಿಗೇ. ಮನುಷ್ಯರೂ ಕಾಡುಪ್ರಾಣಿಗಳೂ ಹೀಗೆ ಒಂದೇ ಅಂಗಳದಲ್ಲಿ ಬಾಳುವ ಊರುಗಳು ಹೆಮ್ಮೆಯ ಊರುಗಳೇ. ಆದರೆ ನಾವು ಪ್ರೀತಿಯಿಂದ ಕೊಟ್ಟ ನೆರಳಿನ ಜೊತೆಗೆ ತಿಳಿಯದೆ ಏನನ್ನು ಕೊಡುತ್ತಿದ್ದೇವೆ, ಅವು ತಿಳಿಯದೆ ನಮಗೇನನ್ನು ಹಿಂದಿರುಗಿಸಬಹುದು ಎಂಬ ಪ್ರಶ್ನೆ ಅಂಥ ಊರುಗಳಲ್ಲೇ ಮೊದಲು ಏಳಬೇಕಾದದ್ದು.

ಸುಬ್ಬರಾಯರ ಹೆಸರಿನಲ್ಲಿ ಭಾರತ ಸರ್ಕಾರ 1995ರಲ್ಲಿ, ಜನ್ಮಶತಾಬ್ದಿಯ ನೆಪದಲ್ಲಿ, ಅಂಚೆಚೀಟಿಯೊಂದನ್ನು ಹೊರತಂದಿತು. ಅದಕ್ಕೆ ಬಹಳ ಮುಂಚೆಯೇ ಅವರೊಡನೆ ಲೆಡರ್ಲಿಯಲ್ಲಿ ಕೆಲಸ ಮಾಡಿದ್ದ ಹೆಸೆಲ್ಟೈನ್ ಎಂಬ ಶಿಲೀಂಧ್ರತಜ್ಞರು ತಾವು ಕಂಡ ಹೊಸ ಶಿಲೀಂಧ್ರವೊಂದಕ್ಕೆ ಸುಬ್ಬರೋಮೈಸಿಸ್ ಸ್ಪ್ಲೆಂಡೆನ್ಸ್ ಎಂದು ಹೆಸರಿಟ್ಟರು. ತೆಲುಗು ಹೆಸರೊಂದು ಗ್ರೀಕ್ ಪ್ರತ್ಯಯ ತೊಟ್ಟು, ಲ್ಯಾಟಿನ್ ವಿಶೇಷಣವನ್ನು ಬೆನ್ನಿಗೆ ಕಟ್ಟಿಕೊಂಡು ಸಸ್ಯಶಾಸ್ತ್ರದ ನಿಘಂಟಿಗೆ ಹೊಕ್ಕ ಈ ಪರಿ ಭಾಷಾಶಾಸ್ತ್ರ ಓದುವವರಿಗೆ ರುಚಿಸೀತು.

ಅವರ ಒಡಹುಟ್ಟಿದವರನ್ನು ಎಂಟು ದಿನದಲ್ಲಿ ಒಯ್ದ ಸ್ಪ್ರೂ ರೋಗಕ್ಕೆ ಇಂದು ವೈದ್ಯರು ತಿಂಗಳುಗಟ್ಟಲೆ ಕೊಡುವ ಮದ್ದು ಎರಡು. ಒಂದು ಫೋಲಿಕ್ ಆಮ್ಲ. ಕರುಳಿನಲ್ಲಿ ಮಿತಿಮೀರಿ ಬೆಳೆದ ಬ್ಯಾಕ್ಟೀರಿಯಗಳನ್ನು ಹತ್ತಿಕ್ಕಲು ಇನ್ನೊಂದು: ಟೆಟ್ರಸೈಕ್ಲಿನ್. ಮೊದಲನೆಯದು ಜೀವಸತ್ವ, ಅದರ ಬಲ ಎಂದಿಗೂ ಕುಂದುವಂಥದಲ್ಲ. ಎರಡನೆಯದರ ಬಲ ಮಾತ್ರ ಕೋಳಿಗೂಡಿನಲ್ಲಿ, ಕುರಿಹಟ್ಟಿಯಲ್ಲಿ, ಔಷಧಿ ಅಂಗಡಿಯ ಕಟ್ಟೆಯ ಮೇಲೆ ದಿನದಿನವೂ ತೂಗಿ ಖರ್ಚಾಗುತ್ತಿದೆ.